ಅಮ್ಮನನ್ನು ಕೇಳುವವರು ಯಾರು

ತೈನಾನ್
ಮಾರ್ಚ್ 9

ಪ್ರೀತಿಯ ಅಮ್ಮಾ,

ನಿನ್ನ ಎರಡನೆಯ ಮಗನ ನಮಸ್ಕಾರ. ಬಲಗೈ ಈಗ ಸ್ವಲ್ಪವಾದರೂ ಏಳುತ್ತಿದೆಯೇ? ನುಂಗುವಾಗ ಕೆಮ್ಮು ಬರುತ್ತದೆಯೇ? ಲಕ್ವ ಹೊಡೆದ ಮೇಲೆ ನಿನ್ನ ಮಾತು ತೀರ ನಿಧಾನವಾಗಿದೆ ಅಂತ ಅತ್ತಿಗೆ ಹೇಳಿದರು. ಹೆದರಬೇಡ, ಹುಟ್ಟಿದಾಗಿನಿಂದ ನಾನು ಹಾಗೇ ಮಾತಾಡುತ್ತಿಲ್ಲವೇ? ನಿಮ್ಮ ಕೀಲುಂಗ್ ಊರಿನ ಮಳೆ ನಿನ್ನ ಮಂಡಿಗೆ ಆಗಿಬರುವುದಿಲ್ಲ, ಕಾಲು ಬೆಚ್ಚಗಿಟ್ಟುಕೋ. ಈ ಪತ್ರವನ್ನು ಅತ್ತಿಗೆ ನಿನಗೆ ಓದಿ ಹೇಳುತ್ತಾರೆ.

ನಾನು ಚೆನ್ನಾಗಿದ್ದೇನೆ. ನಾನು ಹೇಳಿದ್ದನ್ನು ನನ್ನ ಸಹಾಯಕಿ ಪೆಯ್-ಲಿಂಗ್ ಬರೆದುಕೊಳ್ಳುತ್ತಿದ್ದಾಳೆ. ಬೆಳಿಗ್ಗೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಗಾಲಿಕುರ್ಚಿಯಲ್ಲಿ ಕೂರಿಸುವವಳು ಅವಳೇ. ನಾನು ಮನೆ ಬಿಟ್ಟು ಈ ಫ್ಲ್ಯಾಟಿಗೆ ಹೊರಟಾಗ "ಇವ್ನಿಗೆ ಉಣ್ಸೋರ್ ಯಾರು, ಹಸ್ಕೊಂಡೇ ಸಾಯ್ತಾನೆ" ಅಂತ ಓಣಿಗೆಲ್ಲ ಕೇಳುವ ಹಾಗೆ ಅತ್ತಿದ್ದೆಯಲ್ಲ, ಈಗ ನೋಡು, ಹೊಟ್ಟೆ ಬಂದಿದೆ. ಬೆಳಿಗ್ಗೆ ಮೀನಿನ ಗಂಜಿಯೋ ಸೋಯಾ ಹಾಲೋ, ನಾನು ಹೇಳಿದ್ದೇ ನಡೆಯುತ್ತದೆ. ಸಂಜೆ ಕಸದ ಗಾಡಿಯ ಹಾಡು ಕೇಳಿಸಿದರೆ ಚೀಲ ತೊಡೆಯ ಮೇಲಿಟ್ಟುಕೊಂಡು ನಾನೇ ಬೀದಿಗೆ ಹೋಗುತ್ತೇನೆ. ಹಣ್ಣಿನಂಗಡಿಯ ಮುದುಕಿ "ಬಂದ್ರು ನೋಡ್ರಪ್ಪ ಸಾಹೇಬ್ರು, ದಾರಿ ಬಿಡಿ!" ಅಂತ ರೇಗಿಸುತ್ತಾಳೆ.

ಹೋದ ವಾರ ನನ್ನ ಸಭೆ ಇತ್ತು. ಆಗಾಗ ನನಗೆ ನೆರವಾಗುವ ಸಂಸ್ಥೆಯವರೆಲ್ಲ ನನ್ನ ಮೇಜಿನ ಸುತ್ತ ಕೂತು, ನಿಮಗೆ ಹೇಗೆ ಬದುಕಬೇಕು ಅನ್ನಿಸುತ್ತದೆ ಎಂದು ಕೇಳುತ್ತಾರೆ. ಹಿಂದಿನ ಸಲ ನೀಲಿ ಪರದೆ ಬೇಕೆಂದಿದ್ದೆ, ಬಂತು. ಈ ಸಲ, ಅಣ್ಣ ನಮ್ಮಮ್ಮನನ್ನು ಬೆಟ್ಟದ ಮೇಲಿನ ವೃದ್ಧಾಶ್ರಮಕ್ಕೆ ಸೇರಿಸಬಾರದು ಅಂದೆ. ಪೆಯ್-ಲಿಂಗ್ "ಅದು ಅಮ್ಮನ ಬದುಕು ಕಣ್ರೀ, ಅವ್ರೇ ಹೇಳ್ಬೇಕು" ಅಂದಳು. ಅಮ್ಮನನ್ನು ಕೇಳುವವರು ಯಾರು ಅಂದೆ. "ಮನೆಯವ್ರು" ಅಂದಳು. ಹಾಗಾದರೆ ನಾನ್ಯಾರು? ಆದರೂ ಅವಳು ಹೇಳಿದ್ದು ಸರಿ. ನಿನಗೆ ಏನು ಬೇಕು ಅಂತ ನನಗೂ ಗೊತ್ತಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ. "ಅಮ್ಮಂಗೆ ಯಾವ್ದು ಒಳ್ಳೇದು ಅಂತ ನಂಗ್ ಗೊತ್ತಿಲ್ವೇನೋ? ಅದ್ರಲ್ಲಿ ಕೇಳೋದೇನಿದೆ?" ಅಂದ. ಅವನು ಕೆಟ್ಟವನಲ್ಲ. ಅವನೂ ಅತ್ತಿಗೆಯೂ ಹಗಲೆಲ್ಲ ದುಡಿದು ಬಂದು, ನಿನ್ನನ್ನು ಎತ್ತಿ ಇಳಿಸಿ ಸುಸ್ತಾಗಿ ಹೋಗಿದ್ದಾರೆ. (ಈ ಸಾಲು ಪೆಯ್-ಲಿಂಗ್ ಸೇರಿಸಲು ಹೇಳಿದ್ದು, ನಾನು ಒಪ್ಪಿದೆ.) ಆಮೇಲೆ ಫೋನನ್ನು ನಿನ್ನ ಕಿವಿಗೆ ಹಿಡಿದ. ನೀನು "ನಂಗೆ..." ಅಂದು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅವನೇ "ಅವ್ಳೂ ಒಪ್ಪಿದಾಳೆ ಬಿಡು" ಅಂತ ಇಟ್ಟುಬಿಟ್ಟ. ನಾನೇ ಬಂದು ನಿನ್ನ ಮುಂದೆ ಕೂರೋಣವೆಂದರೆ ಅವನ ಮನೆ ಐದನೇ ಮಹಡಿ, ಲಿಫ್ಟ್ ಇಲ್ಲ. ನನ್ನ ಕುರ್ಚಿ ಹತ್ತುವುದಿಲ್ಲ, ನೀನು ಇಳಿಯಲಾರೆ. ನನ್ನ ಕೈಕಾಲು ಯಾವತ್ತೂ ನನ್ನ ಮಾತು ಕೇಳಿದ್ದಿಲ್ಲ ಅಮ್ಮಾ, ಆದರೆ ಇಷ್ಟು ಅಸಹಾಯಕ ಅಂತ ಎಂದೂ ಅನ್ನಿಸಿರಲಿಲ್ಲ.

ಅಣ್ಣನಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ಔಷಧಿ ತಪ್ಪಿಸಬೇಡ.

ನಿನ್ನ ಮಗ,
ಕುವೊ-ತುಂಗ್

ತಾ.ಕ.: ಅತ್ತಿಗೆ, ಇಷ್ಟೂ ಓದಿ ಹೇಳಿದಿರಿ, ದೊಡ್ಡ ಉಪಕಾರ. ತಿಂಗಳ ಕೊನೆಗೆ ಆಶ್ರಮದ ವ್ಯಾನ್ ಬರುತ್ತದಂತೆ. ಅದಕ್ಕೆ ಮುಂಚೆ, ಅಣ್ಣ ಮನೆಯಲ್ಲಿಲ್ಲದಾಗ, ಎಲ್ಲಿರಲು ಇಷ್ಟ ಅಂತ ಅಮ್ಮನನ್ನು ಒಂದೇ ಒಂದು ಸಲ ಕೇಳಿ. ಆಶ್ರಮಕ್ಕೇ ಹೋಗುತ್ತೇನೆ ಅಂದರೂ ಸರಿ. ಅವಳು ಬಾಯಿ ತೆರೆದ ಮೇಲೆ ನೀವು ಮಾತಾಡಬೇಡಿ. ತುಂಬ ಹೊತ್ತು ಹಿಡಿಯುತ್ತದೆ. ಒಲೆಯ ಮೇಲೆ ಏನಾದರೂ ಇದ್ದರೆ, ಮೊದಲೇ ಆರಿಸಿ ಬಂದು ಕೂತುಕೊಳ್ಳಿ.