ಕೆಂಪನಂಜಮ್ಮನವರ ಕತ್ತರಿ

೨೩೧೧, ಹದಿಮೂರನೆಯ ತಿಂಗಳು, ಸೋಮವಾರ

ತುಮಕೂರಿನಲ್ಲಿ ಬೀಡಿ ಕಟ್ಟುವ ಕೆಂಪನಂಜಮ್ಮನವರಿಗೆ, ನಿಮ್ಮ ಒಂಬತ್ತನೆಯ ತಲೆಮಾರಿನ ಮೊಮ್ಮಗಳು ಹೊಂಗೆ ಬರೆಯುವುದು. ನಿಮಗೆ ಹನ್ನೆರಡೇ ತಿಂಗಳು, ನಮಗೆ ಒಂದು ಹೆಚ್ಚು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಬುದ್ಧಿಯನ್ನು ಮಾತ್ರ ನಾನು ಕ್ಷಮಿಸಲಾರೆ.

ಪಕ್ಕದ ಬೀದಿಯ ತಂಗಿ ಸಾಕಮ್ಮನಿಗೆ ನೀವು, ನಿಮಗೆ ಅವಳು ಕಳಿಸಿದ ವಾಯ್ಸ್ ಮೆಸೇಜುಗಳು ನಮ್ಮ ಮನೆಯಲ್ಲಿ ಉಳಿದಿವೆ. ಮೂವತ್ತು ವರ್ಷ ಚಕ್ಕಳಮಕ್ಕಳ ಕೂತು ಬೀಡಿ ಕಟ್ಟಿ ನಿಮ್ಮ ಎಡಗಾಲಿನ ಗಿಣ್ಣಿನ ಮೇಲೆ ಆಣಿ ಬೆಳೆಯಿತು. ಅದು ನಿಮ್ಮ ತಪ್ಪಲ್ಲ. ಆದರೆ ಸಕ್ಕರೆ ಕಾಯಿಲೆ ಇಟ್ಟುಕೊಂಡು, ಬೀಡಿ ಎಲೆಯ ಕತ್ತರಿಯಿಂದಲೇ ಆ ಆಣಿಯನ್ನು ಕತ್ತರಿಸಿ, ರಕ್ತ ಬಂದಾಗ ಮೊರದಲ್ಲಿದ್ದ ಹೊಗೆಸೊಪ್ಪಿನ ಪುಡಿಯನ್ನೇ ಒತ್ತಿದಿರಲ್ಲ, ಆಹಾ, ಏನು ಜಾಣತನ! ಕೀವು ಕೀಲಿನೊಳಗೆ ಇಳಿದು ಮನೆಯೆಲ್ಲ ನಾರುತ್ತಿದ್ದಾಗ ನೀವು ಹೇಳಿದ್ದು: “ಒಂಚೂರೂ ನೋವಿಲ್ಲ ಕಣೆ. ನೋವಿಲ್ದಿದ್ ಮೇಲೆ ಆಸ್ಪತ್ರೆ ಯಾಕೆ? ಹೋದ್ರೆ ಕಾಲೇ ತೆಗೀತಾರೆ.” ನೋವಿಲ್ಲದ್ದು ಗಾಯ ಮಾಯ್ದದ್ದರಿಂದಲ್ಲ ತಾಯಿ, ಸಕ್ಕರೆ ನಿಮ್ಮ ನರಗಳನ್ನು ತಿಂದುಹಾಕಿದ್ದರಿಂದ. ಸಾಕಮ್ಮ ಇನ್ನೂ ಜಾಣೆ: “ಹೌದಕ್ಕ, ಒಸಿ ಅರಿಶಿನ ಮೆತ್ತು.” ಒಳ್ಳೆ ಜೋಡಿ!

ನಮ್ಮಲ್ಲಿ ಬೆಳಿಗ್ಗೆ ‘ಪಾದನೋಟ’ ಆಗದೆ ಯಾರಿಗೂ ಕಾಫಿ ಇಲ್ಲ. ಒಬ್ಬರ ಕಾಲನ್ನೊಬ್ಬರು ತಿರುಗಿಸಿ, ಬೆರಳ ಸಂದಿ ಬಿಡಿಸಿ ನೋಡುತ್ತೇವೆ. ಗೀರು ಕಂಡರೆ ‘ಸುಳಿವುಪಟ್ಟಿ’ ಸುತ್ತುತ್ತೇವೆ. ಕೀವು ಕಟ್ಟುವ ಮೊದಲೇ ನೀಲಿಯಾಗುವ ಬಟ್ಟೆ ಅದು. ನಿಮ್ಮ ಬಳಿ ಅದಿರಲಿಲ್ಲ, ಒಪ್ಪಿದೆ. ಮೂಗೂ ಇರಲಿಲ್ಲವೆ? ಎರಡು ಬಸ್ ಸ್ಟಾಪಿನಾಚೆ, ಕೀಲು ತೆರೆದು ಕೀವು ತೊಳೆಯುವ, ಸೋಂಕು ಯಾವ ಔಷಧಿಗೆ ಬಗ್ಗುತ್ತದೆಂದು ಪರೀಕ್ಷಿಸುವ, ಸಕ್ಕರೆಯನ್ನು ಹತೋಟಿಗೆ ತರುವ ವೈದ್ಯರಿದ್ದರು. ನೀವು ಅವರಿಗೆ ಹೆದರಿ ಕತ್ತರಿಯನ್ನು ನಂಬಿದಿರಿ.

ನೀವು ‘ನೋವಿಲ್ಲ’ ಎಂದ ಆ ಶುಕ್ರವಾರಕ್ಕೇ, ಕಾಲದಲ್ಲಿ ಹಿಂದಕ್ಕೆ, ಈ ಪತ್ರ ಕಳಿಸುತ್ತಿದ್ದೇನೆ. ಮುಂದಿನ ಬುಧವಾರದ ಮೆಸೇಜಿನಲ್ಲಿ ನಿಮಗೆ ಚಳಿಜ್ವರ, ಮಾತು ತೊದಲುತ್ತದೆ. ಅದರ ನಂತರದ್ದರಲ್ಲಿ ನಿಮ್ಮ ದನಿಯೇ ಇಲ್ಲ. ಸಾಕಮ್ಮ ಯಾರಿಗೋ ಹೇಳುತ್ತಿದ್ದಾಳೆ: “ನೋವಿಲ್ಲ ಅಂದ್ಲು ಕಣ್ರೀ, ನಾನೂ ನಂಬಿಬಿಟ್ಟೆ.” ಅದನ್ನು ಕೇಳಿದಾಗಲೆಲ್ಲ ನನಗೆ ನಿಮ್ಮ ಮೇಲೆ ಮೈಯುರಿಯುತ್ತದೆ, ಅಳುವೂ ಬರುತ್ತದೆ. ಕಾಲು ತೆಗೆಯುತ್ತಾರೆಂದು ಹೆದರಿದಿರಲ್ಲ, ನಿಮ್ಮನ್ನು ಎರಡೂ ಕಾಲಿನ ಸಮೇತ ಮಣ್ಣು ಮಾಡಿದರು.

ಕತ್ತರಿ ಕೆಳಗಿಡಿ. ಆ ಕಾಲೂರಬೇಡಿ, ಸಾಕಮ್ಮನ ಹೆಗಲು ಹಿಡಿದು ಆಟೋ ಹತ್ತಿ. ಮೊರದಲ್ಲಿ ಅರ್ಧ ಸುತ್ತಿದ ಬೀಡಿ ಹಾಗೇ ಬಿದ್ದಿರಲಿ, ನೀವೇ ಬಂದು ಮುಗಿಸುವಿರಂತೆ.