ಒದ್ದೆ ಮಾಡದ ಕೈ

ಕೊತ್ತತ್ತಿ
ಮಂಗಳವಾರ

ಮಳವಳ್ಳಿಯ ನಾದಿನಿ ಶೋಭಾವತಿಗೆ,

ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಪತ್ರ.

ನಿನ್ನ ಮಗಳ ಬೀಗರೂಟಕ್ಕೆ ನಾನು ಮುದ್ದೆ ಕಟ್ಟುತ್ತಿದ್ದಾಗ ನೆಂಟರೆಲ್ಲರ ಎದುರು ನೀನು ಏನೆಂದೆ? "ಕ್ಯಾನ್ಸರ್ ಔಸ್ದೀಲಿ ಕೈ ಜೋಮು ಇಡ್ಕಂಡದೆ ಅಂತಾಳೆ, ನೋಡ್ರವ್ವ! ಕೈಗೆ ನೀರೂ ಮುಟ್ಟಿಸ್ದೆ ಸುಡೋ ಮುದ್ದೆ ಕಟ್ತಾವ್ಳೆ. ಎಲ್ಲಾ ನಾಟ್ಕ ಕಣಮ್ಮ!" ಅಂದಿನಿಂದ ನಿಮ್ಮಣ್ಣ ನನ್ನ ಜೊತೆ ಆಸ್ಪತ್ರೆಗೆ ಬರುವುದನ್ನೇ ಬಿಟ್ಟರು.

ಒಬ್ಬಳೇ ಹೋದೆ. ಡಾಕ್ಟರು ಯಂತ್ರವಿಟ್ಟು ನನ್ನ ಕಣ್ಣಿನ ಮೇಲ್ಪದರದ ಫೋಟೊ ತೆಗೆದರು. ಅಲ್ಲಿನ ನರ ನೋಡಿ ಕೈಕಾಲಿನ ನರಗಳ ಗತಿ ತಿಳಿಯಬಹುದೇ ಎಂದು ಅವರು ಅಧ್ಯಯನ ಮಾಡುತ್ತಿದ್ದಾರೆ. ಅವರು ತೋರಿಸಿದ ಬೇರೆಯವರ ಫೋಟೊದಲ್ಲಿ ದಟ್ಟವಾಗಿ ಹರಡಿದ್ದ ನರಗಳು ನನ್ನ ಕಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು. ಆಮೇಲೆ ನನ್ನ ಕೈಯನ್ನೂ ಮುಟ್ಟಿ, ಚುಚ್ಚಿ ನೋಡಿದರು. "ಔಷಧಿಯಿಂದ ನರ ಹಾಳಾಗಿವೆ. ನಿಮಗೆ ಬಿಸಿಯೇ ತಿಳಿಯುತ್ತಿಲ್ಲ, ಒಲೆ ಹತ್ತಿರ ಹೋಗಬೇಡಿ" ಎಂದರು.

ಬೀಗರೂಟದ ದಿನ ಕೈ ಒದ್ದೆ ಮಾಡಿಕೊಳ್ಳುವುದು ನನಗೆ ಮರೆತೇ ಹೋಗಿತ್ತು ಶೋಭಾ. ಸುಟ್ಟಿದ್ದು ತಿಳಿದರೆ ತಾನೇ ನೆನಪಾಗುವುದು? ಅಂಗೈ ತುಂಬ ಬೊಬ್ಬೆ ಎದ್ದಿದ್ದನ್ನು ಮನೆಗೆ ಬಂದ ಮೇಲೆ ನೋಡಿಕೊಂಡೆ.

ಫೋಟೊವನ್ನು ನಿಮ್ಮಣ್ಣನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಸೋಬುನ್ನೂ ಒಂದ್ಮಾತು ಕೇಳ್ಮ ತಡಿ" ಎಂದರು.

ಅದಕ್ಕೆ ಭಾನುವಾರ ಬಾ. ಫೋಟೊ ಟಿ.ವಿ. ಪಕ್ಕದಲ್ಲೇ ಇದೆ, ನೋಡು. ನೋಡಿದರೂ ನಂಬಿಕೆ ಬರದಿದ್ದರೆ ಅಡುಗೆಮನೆಗೆ ಹೋಗಿ ಒಲೆ ಮೇಲೆ ಹಿಟ್ಟು ತೊಳಸು. ನಿಮ್ಮಣ್ಣನ ಎದುರೇ ಕೂತು ಮುದ್ದೆ ಕಟ್ಟು.

ಕೈಗೆ ಮಾತ್ರ ನೀರು ಮುಟ್ಟಿಸಬೇಡ.

ನಿನ್ನ ಅತ್ತಿಗೆ,
ಪ್ರಮೀಳ