ಇಬ್ಬರ ಹೆಸರಿನ ಪೆನ್ಷನ್

ಮನೆಯಿಂದ,
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತಾ? ಸ್ಕೂಟರಿನಲ್ಲಿ ಬೀದಿ ಬೀದಿ ಸುತ್ತಿ ಊರವರ ಮುಪ್ಪಿಗೆಲ್ಲ ಪೆನ್ಷನ್ ಮಾಡಿಸಿಕೊಡುವ ಮಹಾರಾಯ, ನಿನ್ನ ಬೆನ್ನಿಗೊಂದು ಪಟ್ಟಿ ಕಟ್ಟಿಕೊಳ್ಳಲು ಪುರುಸೊತ್ತಿಲ್ಲ. ‘ಊಟಕ್ಕೆ ಕೂತ್ರೂ ಮಾತಾಡಲ್ಲ ಅತ್ತಿಗೆ’ ಎಂದು ನಿನ್ನ ಹೆಂಡತಿ ಫೋನಿನಲ್ಲಿ ಅತ್ತಳು. ನನ್ನ ಫೋನೆಂದರೆ ಎದ್ದು ಹೋಗುತ್ತೀಯಂತೆ. ಅದಕ್ಕೇ ಬರೆಯುತ್ತಿದ್ದೇನೆ. ಕೈಗೆ ಬಂದ ಕಾಗದವನ್ನು ಓದದೆ ಬಿಡುವವನಲ್ಲ ನೀನು.

ನಿನ್ನ ಭಾವ ಹೋಗಿ ಎರಡು ತಿಂಗಳಾಯಿತು. ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಶೂ ಕಟ್ಟಿಕೊಳ್ಳುತ್ತಿದ್ದವರು ಹಾಗೇ ಗೋಡೆಗೆ ಒರಗಿಬಿಟ್ಟರು. ನನಗೇನು ಗೊತ್ತು, ‘ಲೇಟಾಯ್ತು, ಏಳ್ರೀ’ ಎಂದು ಒಳಗಿನಿಂದ ಗದರುತ್ತಲೇ ಇದ್ದೆ. ಅವರ ಕಿವಿಗೆ ಕೊನೆಗೆ ಬಿದ್ದದ್ದೂ ನನ್ನ ಬೈಗುಳವೇ ಇರಬೇಕು. ಅವರನ್ನು ಕಳಿಸಿಕೊಟ್ಟ ದಿನ ನೀನು ಬಂದು ಗೇಟಿನ ಹೊರಗೇ ನಿಂತೆ, ಒಳಗೆ ಬರದೆ ಹೋದೆ. ಕಿಟಕಿಯಿಂದ ನೋಡಿದೆ ಕಣೋ. ಮನೆ ತುಂಬ ಜನರಿದ್ದರು, ನನಗೆ ಬೇಕಾಗಿದ್ದವನು ನೀನೊಬ್ಬ.

ಯಾಕೆ ಬರಲಿಲ್ಲ ಎಂದು ಗೊತ್ತು. ಭಾವ ಬಸ್ ಡಿಪೋದಿಂದ ನಿವೃತ್ತರಾದಾಗ ಅಡುಗೆಮನೆಯಲ್ಲಿ ನೀವಿಬ್ಬರೂ ಜಗಳವಾಡಿದ್ದು ನನಗೆ ಅಕ್ಷರ ಬಿಡದೆ ಕೇಳಿಸಿತ್ತು. ಗಂಡ ಹೆಂಡತಿ ಇಬ್ಬರೂ ಎದುರಿಗೆ ಕೂರದ ಹೊರತು ನೀನು ಯಾರ ಮನೆಯಲ್ಲೂ ಪೆನ್ಷನ್ ಮಾತೆತ್ತುತ್ತಿರಲಿಲ್ಲ. ‘ಉಳ್ಕೊಳ್ಳೋರಿಗೂ ಗೊತ್ತಿರ್ಬೇಕಲ್ವಾ ಅಕ್ಕಾ’ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಮಾತ್ರ, ನಾನು ಮಲಗಿದ್ದೇನೆಂದು ಬಾಗಿಲು ಮುಂದೆ ಮಾಡಿದೆ. ಕಾಯಿಲೆಯವಳು ಮಲಗಿದರೆ ಅವಳ ಕಿವಿಯೂ ಮಲಗುತ್ತದೆಯೇನೋ ದಡ್ಡ? ಕೂಡಿಟ್ಟ ಗಂಟನ್ನು ನಿನ್ನ ವಿಮೆ ಕಂಪನಿಗೆ ಕೊಟ್ಟರೆ ಎರಡು ದಾರಿ ಎಂದೆ. ಅವರೊಬ್ಬರ ಹೆಸರಿಗೆ ಮಾಡಿಸಿದರೆ ತಿಂಗಳಿಗೆ ಜಾಸ್ತಿ ಬರುತ್ತದೆ, ಆದರೆ ಅವರು ಹೋದರೆ ಅಲ್ಲಿಗೇ ನಿಲ್ಲುತ್ತದೆ. ಇಬ್ಬರ ಹೆಸರಿಗಾದರೆ ಕಮ್ಮಿ, ಆದರೆ ಒಬ್ಬರು ಹೋದರೂ ಉಳಿದವರಿಗೆ ಬರುತ್ತಿರುತ್ತದೆ. ‘ಭಾವ, ಅಕ್ಕ ಜಾಸ್ತಿ ದಿನ ಇರಲ್ಲ. ನಿಮ್ಮೊಬ್ಬರ ಹೆಸರಿಗೇ ಮಾಡಿಸಿ, ಅವಳ ಔಷಧಿಗಾದ್ರೂ ಆಗತ್ತೆ’ ಎಂದೆ. ಹೇಳಿ ನೀನು ಮೂಗು ಸೀಟಿಕೊಂಡದ್ದೂ ಕೇಳಿಸಿತು. ಅವರು ಲೋಟ ಎತ್ತಿ ಒಗೆದರು. ‘ಹೆಂಡ್ತಿ ಸಾಯ್ತಾಳೆ ಅಂತ ನಾನು ಸೈನ್ ಹಾಕ್ಬೇಕಾ? ಎದ್ದೋಗು’ ಎಂದರು. ಇಬ್ಬರ ಹೆಸರಿಗೇ ಮಾಡಿಸಿದರು.

ಲೆಕ್ಕದಲ್ಲಿ ನಿನ್ನದು ತಪ್ಪಿರಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನೇ ನೀನು ಹೇಳಿದೆ. ನನಗೆ ಬೇಜಾರಾದದ್ದು, ನನ್ನ ಸಾವಿನ ಮಾತನ್ನು ನನ್ನನ್ನು ಬಿಟ್ಟು ಆಡಿದ್ದಕ್ಕೆ. ಅದೂ ಈಗಿಲ್ಲ, ಬಿಡು. ಈಗ ಬೇರೆಯದೇ ಒಂದು ಹುಳ ಕೊರೆಯುತ್ತಿದೆ. ಪೆನ್ಷನ್ ಸಾಲದೆ ಅವರು ಮತ್ತೆ ಡಿಪೋಗೆ ಹೋಗಿ ಬಸ್ಸಿನ ಟಯರಿಗೆ ಗಾಳಿ ತುಂಬುತ್ತಿದ್ದರು. ಶೂ ಕಟ್ಟಿಕೊಂಡದ್ದೂ ಅಲ್ಲಿಗೇ. ನಿನ್ನ ಮಾತು ಕೇಳಿದ್ದರೆ ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದರೋ ಏನೋ. ಇದನ್ನು ಯಾರ ಹತ್ತಿರ ಹೇಳಲಿ? ಪಕ್ಕದ ಮನೆಯವರು ‘ಪುಣ್ಯಾತ್ಮ, ನಿಮಗೆ ದಾರಿ ಮಾಡಿ ಹೋದ್ರು’ ಎನ್ನುತ್ತಾರೆ. ಈ ತಿಂಗಳು ಮೊದಲ ಸಲ ದುಡ್ಡು ನನ್ನ ಹೆಸರಿಗೆ ಬಂತು. ಬ್ಯಾಂಕಿನ ಬೆಂಚಿನ ಮೇಲೆ ಕೂತು ಅತ್ತೆ. ಇದು ಅವರು ನನ್ನನ್ನು ಬದುಕಿಸಲು ಹಟ ಹಿಡಿದ ದುಡ್ಡು. ತಿಂದರೆ ಗಂಟಲಲ್ಲಿ ಇಳಿಯುವುದಿಲ್ಲ, ಬಿಟ್ಟರೆ ಅವರಿಗೆ ಅನ್ಯಾಯ.

ನಿನ್ನ ಹೆಂಡತಿಗೆ, ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೂ, ಬೈಗುಳದ ಜೊತೆಗೆ. ನೂರು ವರ್ಷ ಬಾಳು.

ನಿನ್ನ ಅಕ್ಕ

ತಾ.ಕ.: ಕವರು ಅಂಟಿಸುವ ಮೊದಲು ಹೇಳಿಬಿಡುತ್ತೇನೆ. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಇನ್ನು ಔಷಧಿ ಬದಲಾಯಿಸಿ ಪ್ರಯೋಜನವಿಲ್ಲವಂತೆ, ಯಾರಾದರೂ ಜೊತೆಗಿರಲಿ ಎಂದರು. ಬೇರೆ ಯಾರಿಗೂ ಹೇಳಿಲ್ಲ. ಹಗಲೆಲ್ಲ ಧೈರ್ಯವಾಗಿಯೇ ಇರುತ್ತೇನೆ, ಸಂಜೆ ದೀಪ ಹಾಕುವ ಹೊತ್ತಿಗೆ ಹೆದರಿಕೆಯಾಗುತ್ತದೆ. ಬಾರೋ.